ಕೀರ್ತನಳ ಬೀಗಕ್ಕೆ ಭಾಗ್ಯಮ್ಮನ ಸೋಬಾನೆ

ಗಂಡ ಹೋದ ಮೇಲೆ ಭಾಗ್ಯಮ್ಮನಿಗೆ ಉಳಿದದ್ದು ಒಂದು ಪವರ್‌ಲೂಮು, ಒಬ್ಬಳು ಮಗಳು. ಮಗ್ಗ ಬಾಯಿ ಮುಚ್ಚುತ್ತಿರಲಿಲ್ಲ, ಮಗಳು ಬಾಯಿ ತೆರೆಯುತ್ತಿರಲಿಲ್ಲ. ಆ ಮಗಳು ಕೀರ್ತನ ಈಗ ಬ್ಲಾಕ್‌ಚೈನು ಕಲಿಯುತ್ತಿದ್ದಳು. ದೊಡ್ಡಬಳ್ಳಾಪುರದ ಆ ಬೀದಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವರನ್ನು ಭಾಗ್ಯಮ್ಮ ನಿಲ್ಲಿಸಿ ಹೇಳುತ್ತಿದ್ದಳು.

"ಕಂಪ್ಯೂಟರೊಳಗೆ ಕರಾರು ಬರೀತಾಳೆ ಅಕ್ಕಯಮ್ಮ. ಸ್ಮಾರ್ಟ್ ಕಾಂಟ್ರಾಕ್ಟು. ಷರತ್ತು ನಡೆದ್ರೆ ತಾನೇ ಕೊಡುತ್ತೆ. ಇಲ್ಲಾಂದ್ರೆ ಬ್ರಹ್ಮ ಬಂದ್ರೂ ಕೊಡಲ್ಲ."

"ತಪ್ಪು ಬರೆದ್ರೆ?" ಎಂದಳು ಎದುರುಮನೆ ಅಕ್ಕಯಮ್ಮ.

"ಕತ್ತರಿಸಿ ಮಾರಿದ ಸೀರೇನ ತಿರ್ಗಾ ಮಗ್ಗಕ್ಕೆ ಏರಿಸ್ತೀಯಾ? ಅದೂ ಹಂಗೇ. ಮೊದಲೇ ಭದ್ರವಾಗಿ ಬರೀಬೇಕು. ನನ್ನ ಮಗಳದ್ದು ಕಳ್ಳನಪ್ಪ ಬಂದ್ರೂ ಅಲ್ಲಾಡಲ್ಲ!"

ಪರೀಕ್ಷೆ ಬಂತು. ಕೀರ್ತನ ತನ್ನ ಕಾಂಟ್ರಾಕ್ಟಿನೊಳಗೆ ಒಂದು ಆಟದ ನಾಣ್ಯ ಇಟ್ಟಳು. ಭಾನುವಾರದವರೆಗೆ ಕ್ಲಾಸಿನವರು ಯಾವ ದಾರಿಯಿಂದಾದರೂ ಅದನ್ನು ತೆಗೆಯಲು ನೋಡಬಹುದು. ಯಾರಿಗೂ ದಕ್ಕದಿದ್ದರೆ ಅವಳೇ ಮೊದಲು. ಪಕ್ಕದ ಮನೆ ಯೋಗಾನಂದನ ಮಗಳು ಸ್ನೇಹ ಕೂಡ ಅದೇ ಕ್ಲಾಸು.

ಆ ನಾಣ್ಯದ ಬೀಗ ತೆಗೆಯುವ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದ.

"ಫೋನಲ್ಲಿಟ್ರೆ ಕದೀತಾರೆ, ಚೀಟೀಲಿಟ್ರೆ ಓದ್ತಾರೆ. ನೀನೇ ನೆನಪಿಟ್ಕೊಳ್ಳಮ್ಮ," ಎಂದಳು ಕೀರ್ತನ. "ನಿಂಗೆ ಬರೆಯೋಕೇ ಬರಲ್ಲ. ನಿನಗಿಂತ ಭದ್ರ ಯಾರಿದ್ದಾರೆ?"

ಬರೆಯಲು ಬಾರದ್ದಕ್ಕೆ ಭಾಗ್ಯಮ್ಮನನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಪದಗಳನ್ನು ಸೋಬಾನೆ ಧಾಟಿಗೆ ಕೂರಿಸಿ ಮಗ್ಗದ ಮುಂದೆ ಹಾಡಿಕೊಂಡಳು. (ಮಗ್ಗ ಓಡುವಾಗ ಪಕ್ಕದಲ್ಲಿ ಮದ್ದಾನೆ ಘೀಳಿಟ್ಟರೂ ಕೇಳದು. ಮಗ್ಗದವರ ಪಿಸುಮಾತೂ ಮದ್ದಾನೆಯದೇ.)

ಶನಿವಾರ ಹಾಡು ಏರುದನಿಗೆ ಹೋಗಿತ್ತು. "ರಿಬ್ಬನ್ನು ಲೆಮನ್ನು ಸೋಬಾನವೇ..."

ಕರೆಂಟು ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಭಾಗ್ಯಮ್ಮ ನಿಲ್ಲಲಿಲ್ಲ. ನಡುವೆ ನಿಲ್ಲಿಸಿದರೆ ಮರೆತುಹೋಗುತ್ತಲ್ಲ! ಕಣ್ಣು ಮುಚ್ಚಿ ಹನ್ನೆರಡನ್ನೂ ಮುಗಿಸಿದಳು.

ಸಂಜೆಗೆ ನಾಣ್ಯ ಸ್ನೇಹಳ ಕೈಲಿತ್ತು. "ಕಂಠ ಚೆನ್ನಾಗಿದೆ ಅತ್ತೆ," ಎಂದು ಗೋಡೆಯಾಚೆಯಿಂದ ಕೂಗಿದಳು.

ಮೊದಲ ಸ್ಥಾನ ಹೋಯಿತು. ಕೀರ್ತನ ಪಾಸಂತೂ ಆದಳು. ಮೇಷ್ಟ್ರು ಫೋನಿನಲ್ಲಿ, "ನೀನು ಬರೆದದ್ದರಲ್ಲಿ ಒಂದು ತೂತೂ ಇಲ್ಲಮ್ಮ. ತೂತು ಮನೇಲಿದೆ," ಎಂದರು.

ಭಾಗ್ಯಮ್ಮ ಎದೆಯುಬ್ಬಿಸಿ ಎದುರುಮನೆಗೆ ಓಡಿದಳು. "ಕೇಳಿದ್ಯಾ ಅಕ್ಕಯಮ್ಮ? ಯಾರ ಕೈಲೂ ಒಡೆಯಕ್ಕಾಗ್ಲಿಲ್ಲ. ನನ್ನ ಮಗಳ ಬೀಗ ತೆಗೆಯೋಕೆ ನಾನೇ ಬೇಕಾಯ್ತು!"

ಹೊಸ ಬೀಗಕ್ಕೆ ಹೊಸ ಪದ ಬಂದವು. ಭಾಗ್ಯಮ್ಮ ಸೆರಗು ಸಿಕ್ಕಿಸಿ ಕಲಿಯಲು ಕೂತಳು. ಮಗಳು ಬಾಯಿ ಬಿಡಲಿಲ್ಲ.

"ಈ ಸಲ ಯಾರಿಗೆ ಹೇಳಿದ್ಯೇ?"

ಕೀರ್ತನ ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿದಳು.

ಭಾಗ್ಯಮ್ಮ ಫೋಟೋ ಹತ್ತಿರ ಹೋದಳು. ಸೆರಗಿನಿಂದ ಗಾಜು ಒರೆಸಿದಳು.

"ಸರಿಯಾದ ಜಾಗ ಕಣೇ. ಅಷ್ಟು ವರ್ಷ ನನ್ನ ಜೊತೆ ಇದ್ರೂ ಒಂದು ಮಾತು ಹೊರಗೆ ಬಿಟ್ಟೋರಲ್ಲ."

(ಬಿಡಲು ಭಾಗ್ಯಮ್ಮನ ಮಾತಿನ ನಡುವೆ ಅವರಿಗೆ ಸಂದು ಸಿಕ್ಕಿದ್ದರೆ ತಾನೆ!)