ಸೊನ್ನೆಗಳ ಜನಕರಾದ ಕಪ್ಪು ಚೆಂಡು ಮಹಾಶಯರಿಗೆ

ಬೇಸ್‌ಬಾಲ್ ಲೋಕದ ಕೃಷ್ಣವರ್ಣದವರೂ, ಇಪ್ಪತ್ತಾರು ಸೊನ್ನೆಗಳ ಜನಕರೂ ಆದ ಮಾನ್ಯ ಚೆಂಡು ಮಹಾಶಯರ ಸನ್ನಿಧಿಗೆ, ಬ್ರೆಕರ್ಸ್‌ವಿಲ್ ಊರಿನ ಅಗ್ಗದ ಹಲಗೆಗಳ ಮೇಲೆ ಕೂರುವ ಸಕಲ ಪ್ರೇಕ್ಷಕರ ಪರವಾಗಿ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ತಮ್ಮ ಕಥೆಯನ್ನು ಮೊದಲು ಹೇಳಿದವನು ಕ್ಷೌರಿಕ ಆಂಬ್ರೋಸ್ ಕೀಲಿ. ಹೇಳಿದ್ದು 1909ರ ಸೆಪ್ಟೆಂಬರಿನ ಕೊನೆಯ ಶನಿವಾರ, ಪಂದ್ಯ ಸೋತ ಸಂಜೆಯೇ, ತನ್ನ ಅಂಗಡಿಯಲ್ಲಿ, ಗಿರಾಕಿಯೊಬ್ಬನ ಅರ್ಧ ಗಡ್ಡವನ್ನು ಹಾಗೇ ಬಿಟ್ಟು. ನಾನೂ ಮೈದಾನದಲ್ಲಿದ್ದವನೇ. ಆದರೂ ಅವನ ಬಾಯಲ್ಲಿ ಕೇಳಿದ ಮೇಲೆ ತಮ್ಮ ವಿರುದ್ಧ ದೂರು ಬರೆಯದಿದ್ದರೆ ಉಂಡದ್ದು ಅರಗದು ಎನ್ನಿಸಿತು.

ಮೊದಲ ಎಸೆತಕ್ಕೆ ತಾವು ಮದುಮಗನ ಅಂಗಿಯಷ್ಟು ಬೆಳ್ಳಗಿದ್ದಿರಿ. ನಮ್ಮ ಕ್ಲಬ್ಬಿನ ಒಡೆಯರಾದ ಫಿನಿಯಸ್ ಟ್ರಂಬಲ್ ಅವರು ಪಂದ್ಯಕ್ಕೆ ಒಂದೇ ಚೆಂಡು ಕೊಡುವ ಧರ್ಮಾತ್ಮರಾದ್ದರಿಂದ, ಎರಡೂ ಕಡೆಯ ಎಸೆತಗಾರರು ತಮ್ಮನ್ನು ಹೊಗೆಸೊಪ್ಪಿನ ಎಂಜಲಲ್ಲಿ ಮೀಯಿಸಿ, ಮಣ್ಣಲ್ಲಿ ಹೊರಳಿಸಿ, ಸುಟ್ಟ ಆಲೂಗಡ್ಡೆಯ ರೂಪಕ್ಕೆ ತಂದಿದ್ದರು. ದಾಂಡು ತಗುಲಿದರೂ ತಾವು 'ಥಪ್' ಎಂದು ಅಲ್ಲೇ ಕೂರುತ್ತಿದ್ದಿರಿ. ಪ್ರತಿ ಸರದಿಯಲ್ಲೂ ಅವರಿಗೊಂದು ಸೊನ್ನೆ, ನಮಗೊಂದು ಸೊನ್ನೆ. ಒಂಬತ್ತು ಸರದಿಗೆ ಮುಗಿಯಬೇಕಾದ ಆಟ ಹದಿನಾಲ್ಕಕ್ಕೆ ಕಾಲಿಟ್ಟಿತು. ತಾವು ನ್ಯಾಯಾಧೀಶರಾಗಿದ್ದರೆ ಕದ್ದವನನ್ನೂ ಕಳಕೊಂಡವನನ್ನೂ ಬರಿಗೈಯಲ್ಲಿ ಮನೆಗೆ ಕಳಿಸುತ್ತಿದ್ದಿರಿ.

ನಮಗೇನೋ ತಮಾಷೆ, ಎಮಿಲ್ ವೊಂಡ್ರಾಚೆಕ್‌ಗೆ ಅಲ್ಲ. ನಮ್ಮ ಎಸೆತಗಾರ ಅವನು, ನಲವತ್ತಾಯಿತು. "ಇವತ್ತು ಗೆದ್ರೆ ಮುಂದಿನ ವರ್ಷಾನೂ ಜಾಗ ಇದೆ ಎಮಿಲ್. ಸೋತ್ರೆ, ಕಲ್ಲಿದ್ದಲ ಗಣಿ ಎಲ್ಲೂ ಓಡಿಹೋಗಿಲ್ಲ" ಎಂದು ಟ್ರಂಬಲ್ ಅವರು ಬೆಳಿಗ್ಗೆಯೇ ಹೇಳಿದ್ದರು. ಆ ಗಣಿಯೊಳಗೆ ಎಮಿಲ್ ತನ್ನ ಅಣ್ಣನನ್ನು ಕಳಕೊಂಡಿದ್ದ.

ಆಗ ಎದುರಾಳಿ ದಾಂಡಿಗನ ಏಟಿಗೆ ತಾವು ಹಿಂದಕ್ಕೆ ಚಿಮ್ಮಿ, ಮಾಂಸದಂಗಡಿಯ ಮಿಸೆಸ್ ಹೇಬರ್ಲಿ ಅವರ ಮಡಿಲಲ್ಲಿ ಇಳಿದಿರಿ. ಹಾಗೆ ಬಂದ ಚೆಂಡನ್ನು ಹಿಂದಿರುಗಿಸುವುದೇ ಪದ್ಧತಿ. ಆದರೆ ಹಿಂದಿನ ಸಾಲಿನಿಂದ ಆಂಬ್ರೋಸ್, "ಕೊಡ್ಬೇಡಿ ಮಿಸೆಸ್ ಹೇಬರ್ಲಿ! ಹೊಸದು ಬಂದ್ರೆ ನಮ್ ಹುಡುಗ್ರ ಕಣ್ಣಿಗಾದ್ರೂ ಕಾಣ್ಸುತ್ತೆ!" ಎಂದು ಕೂಗಿದ. ಆಕೆ ತಮ್ಮನ್ನು ಹಲಗೆಯ ಮೇಲಿಟ್ಟು ಮೇಲೆ ಕೂತರು.

"ಚೆಂಡೆಲ್ಲಿ ಅಮ್ಮಾ?" ಎಂದ ಓಡಿಬಂದ ಮೈದಾನದ ಕಾವಲುಗಾರ.

"ಹುಡುಕ್ಕೋ. ನನ್ನನ್ನ ಎಬ್ಬಿಸ್ಬೇಕಾದ್ರೆ ಇನ್ನೂ ನಾಲ್ಕು ಜನಾನ ಕರ್ಕೊಂಡ್ ಬಾ."

ಬಿಳಿ ಚೆಂಡು ಬಂತು. ನಮ್ಮ ಚಪ್ಪಾಳೆಗೆ ಹಲಗೆಗಳು ಅದುರಿದವು. ದಾಂಡು ಹಿಡಿದು ನಿಂತವನು ಇನ್ನೂ ಎದುರಾಳಿಯೇ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಮಿಲ್ ಆ ಬಿಳುಪನ್ನು ಕರೆಯದೆ ಬಂದ ನೆಂಟನಂತೆ ನೋಡಿ ಎಸೆದ. ದಾಂಡಿಗನ ಒಂದೇ ಏಟಿಗೆ ಅದು ಬೇಲಿ ಹಾರಿ ಇಟ್ಟಿಗೆ ಗೂಡಿನತ್ತ ಹೋಯಿತು; ಅವರಿಗೆ ಒಂದು ಓಟ. ನಮ್ಮ ಸರದಿಗೆ ಬಂದ ಮತ್ತೊಂದು ಬಿಳಿ ಚೆಂಡಿನ ಎದುರು ನಮ್ಮ ಮೂವರೂ ಗಾಳಿಯನ್ನು ಚೆನ್ನಾಗಿ ಬಡಿದು ಬಂದರು. ಒಂದು–ಸೊನ್ನೆ. ಟ್ರಂಬಲ್ ಅವರು ಸೋಲಿಗಿಂತ ಹೋದ ಚೆಂಡುಗಳಿಗಾಗಿಯೇ ಹೆಚ್ಚು ಮರುಗಿದರು.

ನಮ್ಮ ದೂರು ಇಷ್ಟೇ. ಎಮಿಲ್‌ನ ಸವೆದ ತೋಳನ್ನು ಅಷ್ಟು ಹೊತ್ತು ಕಾಯ್ದದ್ದು ತಮ್ಮ ಕೊಳೆಯೇ ಎಂದು ತಾವೊಂದು ಮಾತು ಹೇಳಬಾರದಿತ್ತೇ? ಇನ್ನು ಮುಂದೆ ಮಡಿಲಿಗೆ ಬಿದ್ದ ಕೂಡಲೇ ಯಾರ ಸರದಿ ನಡೆದಿದೆಯೆಂದು ಗಟ್ಟಿಯಾಗಿ ಸಾರಬೇಕಾಗಿಯೂ, ಸಾಧ್ಯವಾದರೆ ತಾವೇ ನಡೆದು ಮೈದಾನಕ್ಕೆ ಮರಳಬೇಕಾಗಿಯೂ, ಅದೂ ಆಗದಿದ್ದರೆ ಮಿಸೆಸ್ ಹೇಬರ್ಲಿ ಅವರನ್ನು ಕಚ್ಚಬೇಕಾಗಿಯೂ ವಿನಂತಿ.

ತಮ್ಮ ವಿಶ್ವಾಸಿ,
ಐವರ್ ಪ್ರಾಸರ್

ಮರೆತ ಮಾತು: ಆಂಬ್ರೋಸ್ ಕಥೆ ಮುಗಿಸಿದಾಗ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಮರುದಿನ ಬೆಳಿಗ್ಗೆ ಚರ್ಚಿಗೆ ಹೊರಟವರು ದಾರಿಯಲ್ಲಿ ಟ್ರಂಬಲ್ ಅವರ ಜಗಲಿಗೆ ಹೋಗಿ, ವರ್ಷಗಳಿಂದ ಮನೆಯಲ್ಲಿ ಬಚ್ಚಿಟ್ಟಿದ್ದ ಚೆಂಡುಗಳನ್ನೆಲ್ಲ ಟೋಪಿಗಳಿಂದ ಸುರಿದರು. ಪಾದ್ರಿಗಳೇ ಎರಡು ತಂದಿದ್ದರು. ಮಿಸೆಸ್ ಹೇಬರ್ಲಿ ತಂದದ್ದು ತಮ್ಮನ್ನು. "ಎಮಿಲ್‌ನ ಇಟ್ಕೊಂಡ್ರೆ ಇವೆಲ್ಲ ನಿಮ್ದೇ" ಎಂದ ಆಂಬ್ರೋಸ್. ಟ್ರಂಬಲ್ ಅವರು ರಾಶಿಯನ್ನು ಒಮ್ಮೆ ಸವರಿ, "ಇರ್ಲಿ ಬಿಡ್ರೀ, ಇನ್ನೊಂದ್ ವರ್ಷ ಆಡ್ಲಿ" ಎಂದರು. ಮುಂದಿನ ವರ್ಷದ ಮೊದಲ ಪಂದ್ಯಕ್ಕೆಂದು ಆ ರಾಶಿಯಿಂದ ಅವರು ಆಗಲೇ ಆರಿಸಿ ಎತ್ತಿಟ್ಟದ್ದು ತಮ್ಮನ್ನೇ. ಅಲ್ಲಿಯವರೆಗೆ ದಯಮಾಡಿ ಸ್ನಾನ ಮಾಡಬೇಡಿ.