ಕಾಶಿಯಲ್ಲಿ ಬಿಟ್ಟ ಹೋಳಿಗೆ

ಬಿಡುವುದರಲ್ಲಿ ಎರಡು ಬಗೆಯ ಜನರಿದ್ದಾರೆ. ಒಂದು ದಿನ ಬೆಳಿಗ್ಗೆ ಎದ್ದು ನಶ್ಯದ ಡಬ್ಬಿಯನ್ನು ತಿಪ್ಪೆಗೆ ಎಸೆದು, ಮತ್ತೆ ಅದರ ಕಡೆ ತಿರುಗಿಯೂ ನೋಡದವರು ಮೊದಲನೆಯವರು. ಅಂಥವರ ಮೇಲೆ ನನಗೆ ಬಹಳ ಗೌರವ. ಆದರೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂರುವುದಕ್ಕೆ ಮನಸ್ಸು ಬರುವುದಿಲ್ಲ. ಎರಡನೆಯವರು "ಕಡಿಮೆ ಮಾಡ್ತಾ ಇದ್ದೀನಿ" ಎನ್ನುವವರು. ಇವರು ವರ್ಷಗಟ್ಟಲೆ ಕಡಿಮೆ ಮಾಡುತ್ತಲೇ ಇರುತ್ತಾರೆ. ಕಡಿಮೆ ಮಾಡಬೇಕಾದರೆ ಪದಾರ್ಥ ಎದುರಿಗಿರಬೇಕಲ್ಲ, ಹಾಗಾಗಿ ಅದು ಮನೆಯಲ್ಲಿ ಸದಾ ಇರುವಂತೆ ನೋಡಿಕೊಳ್ಳುತ್ತಾರೆ. ನಾನು ಹುಟ್ಟಿನಿಂದಲೇ ಈ ಎರಡನೆಯ ಪಂಗಡದವನು, ಮತ್ತು ನನ್ನ ಪದಾರ್ಥ ಹೋಳಿಗೆ. ಬೇಳೆ ಹೋಳಿಗೆ, ಕಾಯಿ ಹೋಳಿಗೆ ಎಂಬ ಭೇದಭಾವ ನನ್ನಲ್ಲಿಲ್ಲ. ಎರಡನ್ನೂ ತುಪ್ಪದ ಜೊತೆ, ಹಾಲಿನ ಜೊತೆ, ಮಾರನೆಯ ದಿನ ಯಾವುದರ ಜೊತೆಯೂ ಇಲ್ಲದೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತುಕೊಂಡು ಕೂಡ ತಿನ್ನಬಲ್ಲೆ.

ಕನ್ನಡ ನಾಡೆಲ್ಲ ಒಂದಾದ ಹೊಸತು. ರಾಜ್ಯ ದೊಡ್ಡದಾಯಿತೆಂದು ಊರೆಲ್ಲ ಸಂಭ್ರಮಪಡುತ್ತಿದ್ದ ಆ ಕಾಲದಲ್ಲೇ ನಾನೂ ಯಾರ ಗಮನಕ್ಕೂ ಬಾರದೆ ದೊಡ್ಡದಾಗುತ್ತಿದ್ದೆ. ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕೆಲಸ ಭದ್ರಾವತಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಸಂಜೆ ಇಂಜಿನ್ನಿನ ಮಸಿ ಬಳಿದುಕೊಂಡು ಮನೆಗೆ ಬರುವುದು. ಮಧ್ಯಾಹ್ನದ ಊಟ ಮಾತ್ರ ಭದ್ರಾವತಿಯಲ್ಲೇ ಇದ್ದ ನನ್ನಕ್ಕ ಗಿರಿಜಕ್ಕನ ಮನೆಯಲ್ಲಿ. ಭಾವನವರು ಅದೇ ಕಾರ್ಖಾನೆಯಿಂದ ಆಗತಾನೇ ರಿಟೈರಾಗಿದ್ದರು. ಆ ವರ್ಷ ಹೊಲಿಸಿದ ಕೋಟಿನ ಗುಂಡಿ ಅದೇ ವರ್ಷ ಹಾಕಲಾಗದೆ ಹೋದಾಗ ದರ್ಜಿ ಪುಣ್ಯಾತ್ಮ, "ಬಟ್ಟೆ ಕುಗ್ಗಿದೆ ಸ್ವಾಮಿ" ಎಂದು ನನ್ನ ಮರ್ಯಾದೆ ಕಾಪಾಡಿದ. ಮಂಡಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. ಒಂದು ಬೆಳಿಗ್ಗೆ ಹೊರಟುಬಿಟ್ಟಿದ್ದ ರೈಲಿನ ಹಿಂದೆ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಡುತ್ತ ಪ್ಲಾಟ್‌ಫಾರಮ್ಮಿನ ಮೇಲೆಯೇ ಕೂತುಬಿಟ್ಟೆ. ರೈಲು ಹೋಯಿತು. ನಾನು ಏಳಲು ಇಬ್ಬರು ಪೋರ್ಟರುಗಳು ಬೇಕಾದರು.

ಡಾಕ್ಟರ ಹತ್ತಿರ ಹೋದೆ. ಅವರು ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳನ್ನು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಸಿಹಿ ಜಾಸ್ತಿ ತಿಂತೀರೇನ್ರೀ?" ಎಂದು ಕೇಳಿದರು. "ಜಾಸ್ತಿ ಏನಿಲ್ಲ ಸಾರ್, ಬಡಿಸಿದಷ್ಟು" ಎಂದೆ. ಅವರು ನಕ್ಕು, "ಪೂರ್ತಿ ಬಿಡಬೇಡಿ. ಪೂರ್ತಿ ಬಿಟ್ಟೋರು ಒಂದು ತಿಂಗಳು ಬಿಟ್ಟಿರ್ತಾರೆ, ಆಮೇಲೆ ಬಾಕಿ ಸೇರಿಸಿ ತಿಂತಾರೆ. ಕಡಿಮೆ ಮಾಡಿ ಸಾಕು" ಎಂದರು. ಇಂಥ ವೈದ್ಯರು ತಾಲೂಕಿಗೊಬ್ಬರಿದ್ದರೆ ದೇಶ ಉದ್ಧಾರವಾದೀತು ಎಂದುಕೊಂಡು ಮನೆಗೆ ಬಂದು ಹೆಂಡತಿ ಶಾರದೆಗೆ ಸಂತೋಷದಿಂದಲೇ ಹೇಳಿದೆ.

ಶಾರದೆ ಒಪ್ಪಲಿಲ್ಲ. "ಡಾಕ್ಟರಿಗೆ ನಿಮ್ಮ ಮಂಡಿ ಗೊತ್ತು, ನೀವು ಗೊತ್ತಿಲ್ಲ. ಯುಗಾದಿ ದಿನ ಒಂದೇ ಸಾಕು ಅಂದ್ರಿ. ಎಲೆ ಎತ್ತೋವಾಗ ಒಂದು, ಕಾಫಿ ಜೊತೆ ಒಂದು, ಚಂದ್ರನ್ನ ನೋಡ್ಕೊಂಡು ಬಂದು ಒಂದು. ಪ್ರತಿ ಸಲಾನೂ ಒಂದೇ. ನೀವು ಬಿಟ್ರೆ ಬಿಡಬೇಕು, ಕಡಿಮೆ ಗಿಡಿಮೆ ಎಲ್ಲ ನಿಮ್ಮಿಂದ ಆಗಲ್ಲ" ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆದರೆ ಅವಳು ಸೆರಗಿನಿಂದ ಗೋಡೆಯ ಮೇಲಿದ್ದ ನನ್ನ ತಂದೆಯವರ ಫೋಟೋ ಒರೆಸತೊಡಗಿದಳು. ನಮ್ಮ ತಂದೆ ನನ್ನ ಹಾಗೆಯೇ ದಪ್ಪಗಿದ್ದವರು, ನನ್ನ ವಯಸ್ಸಿಗೇ ಹೋದವರು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಆದರೂ ಕೆಲವು ದಿನ ಕಡಿಮೆ ಮಾಡುವುದಕ್ಕೆ ಅವಕಾಶ ಕೊಡೆಂದು ಬೇಡಿಕೊಂಡೆ. ಆಫೀಸಿನಲ್ಲಿ ಎದುರು ಮೇಜಿನ ಮುರುಗೇಶನ್, ಸೇಲಂ ಕಡೆಯವರು, ಅವರಿಗೂ ಸ್ವಲ್ಪ ಹೊಟ್ಟೆಯಿತ್ತು. "ಸಾರ್, ಇನ್ಮೇಲೆ ಎಲ್ಲಾ ಬೈಟು ಮಾಡೋಣ, ಅರೆ ನಿಮಗೆ ಅರೆ ನನಗೆ" ಎಂದರು. ಕಾಫಿಯನ್ನು ಇಬ್ಬರು ಹಂಚಿಕೊಳ್ಳುವಂತೆ ತಿಂಡಿಯನ್ನೂ ಹಂಚಿಕೊಳ್ಳುವ ಈ ಉಪಾಯ ಮೊದಲ ದಿನ ಚೆನ್ನಾಗಿಯೇ ನಡೆಯಿತು. ಒಂದು ಮಸಾಲೆ ದೋಸೆ ಬೈಟು. ಎರಡನೆಯ ದಿನ, ಹೇಗೂ ಅರ್ಧವೇ ತಾನೇ ಎಂದು ಒಂದು ಕೇಸರಿಭಾತನ್ನೂ ಬೈಟು ಮಾಡಿದೆವು. ವಾರ ಕಳೆಯುವುದರಲ್ಲಿ ವಡೆ, ಜಾಮೂನು, ಬಾದಾಮಿ ಹಾಲು, ಹೋಟೆಲಿನವನು ಬೋರ್ಡಿನ ಮೇಲೆ ಬರೆದಿದ್ದೆಲ್ಲ ನಮ್ಮ ಮೇಜಿಗೆ ಅರ್ಧರ್ಧವಾಗಿ ಬರತೊಡಗಿತು. ಮೊದಲು ಒಂದು ದೋಸೆ ತಿಂದು ಎದ್ದು ಬರುತ್ತಿದ್ದ ಇಬ್ಬರು ಈಗ ಸಂಯಮದಿಂದ ಇಡೀ ಹೋಟೆಲು ತಿನ್ನುತ್ತಿದ್ದೆವು.

ಇನ್ನು ಮಧ್ಯಾಹ್ನ ಗಿರಿಜಕ್ಕನ ಮನೆ. ನನ್ನ ಅಕ್ಕ ಕಡ್ಡಿಯ ಹಾಗಿದ್ದಾಳೆ. ದೇವರ ಅನ್ಯಾಯವನ್ನು ಯಾರಾದರೂ ನೋಡಬೇಕೆಂದಿದ್ದರೆ ಅವಳು ಹೋಳಿಗೆ ತಿನ್ನುವುದನ್ನು ನೋಡಬೇಕು. ನಾನು ಎರಡು ತಿನ್ನುವ ಕಡೆ ಅವಳು ಮೂರು ತಿನ್ನುತ್ತಾಳೆ, ಅಷ್ಟು ತುಪ್ಪ ಎಲ್ಲಿ ಹೋಗುತ್ತದೋ ಕಾಣೆ. ತಾಯಿ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಚಿಕ್ಕಂದಿನಲ್ಲಿ ನನಗೆ ಜ್ವರ ಬಿಟ್ಟರೆ ಹೋಳಿಗೆ, ಪರೀಕ್ಷೆ ಪಾಸಾದರೆ ಹೋಳಿಗೆ, ಫೇಲಾದರೆ ಸಮಾಧಾನಕ್ಕೆ ಹೋಳಿಗೆ. ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಿದೆ. "ಹೊಟ್ಟೆಗೆ ಹಾಕಿದ್ದು ಮಂಡಿಗೆ ಹೆಂಗೆ ಹೋಗತ್ತೋ ಮಾರಾಯ? ತಿನ್ನು ಸುಮ್ನೆ" ಎಂದಳು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಬಹುದು, ನಾನು ತಿಂದೆ.

ಹೀಗಿರುವಾಗ ಅಕ್ಕ ಮತ್ತು ಭಾವ ಕಾಶಿಗೆ ಹೊರಟರು. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿಯೇ ಬಿಟ್ಟು ಬರಬೇಕು. ಬಿಟ್ಟದ್ದನ್ನು ಜನ್ಮದಲ್ಲಿ ಮತ್ತೆ ಮುಟ್ಟುವಂತಿಲ್ಲ. ಇದರಲ್ಲಿಯೂ ನಮ್ಮ ಜನ ಜಾಣರೇ. ನಮ್ಮ ಬೀದಿಯ ಹೆಡ್‌ಮಾಸ್ತರೊಬ್ಬರು ಸೇಬಿನಹಣ್ಣು ಬಿಟ್ಟು ಬಂದಿದ್ದರು. ಸೇಬನ್ನು ಅವರು ಅದಕ್ಕೆ ಮುಂಚೆ ನೋಡಿದ್ದು ಪಾಠದ ಪುಸ್ತಕದಲ್ಲಿ ಮಾತ್ರ. ಇನ್ನೊಬ್ಬರು ಉತ್ಸಾಹದಲ್ಲಿ ಬದನೆಕಾಯಿ ಬಿಟ್ಟುಬಿಟ್ಟು, ಊರಿಗೆ ಬಂದ ಮೇಲೆ ಪರಿತಪಿಸಿ, ವಾಂಗೀಭಾತಿನಲ್ಲಿರುವುದು ಮುಖ್ಯವಾಗಿ ಅನ್ನವೇ ಎಂದು ಸಾಧಿಸುತ್ತ ತಿರುಗುತ್ತಿದ್ದರು. ಈ ಕಥೆಗಳನ್ನು ನಾನೇ ಶಾರದೆಗೆ ಹೇಳಿ ನಗಿಸುತ್ತಿದ್ದೆ. ಬುದ್ಧಿಯಿದ್ದವನು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅವಳು ನಗುತ್ತ ನಗುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿ, "ಅತ್ತಿಗೆ ನಿಮ್ಮ ಹೆಸರಲ್ಲಿ ಹೋಳಿಗೆ ಬಿಟ್ಟು ಬರಲಿ" ಎಂದಳು.

ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬಿಡಬಹುದೇ ಎಂದು ನಾನು ಶಾಸ್ತ್ರದ ಪ್ರಶ್ನೆ ಎತ್ತಿದೆ. ನಮ್ಮ ಪುರೋಹಿತರಾದ ಸುಬ್ಬಾಭಟ್ಟರು ನಮ್ಮ ಮನೆಯ ಹೋಳಿಗೆಯನ್ನು ಬಲ್ಲವರು, ನನ್ನ ಪಕ್ಷ ವಹಿಸುತ್ತಾರೆಂದು ನಂಬಿದ್ದೆ. ಅವರು ಬಹಳ ಹೊತ್ತು ಯೋಚಿಸಿ, "ಇನ್ನೊಬ್ಬರ ಹೆಸರಲ್ಲಿ ಗಂಗಾಸ್ನಾನ ಮಾಡಬಹುದು, ದಾನ ಕೊಡಬಹುದು. ಅಂದಮೇಲೆ ಹೋಳಿಗೆ ಬಿಡೋದಕ್ಕೆ ಅಡ್ಡಿ ಕಾಣೆ" ಎಂದರು. ಅಕ್ಕ ಹೋಳಿಗೆ ಎಂದು ಹೇಳಿ ಬಿಟ್ಟರೆ, ಒಬ್ಬಟ್ಟು ಎಂಬ ಹೆಸರಿನಲ್ಲಾದರೂ ಅದು ಉಳಿದೀತೇ ಎಂದು ಕೇಳಿದೆ. "ಗಂಗೆಗೆ ಎರಡು ಹೆಸರೂ ಗೊತ್ತಿರತ್ತೆ ರಾಯರೇ" ಎಂದರು. ಹೋಗುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದರು. ಅವರ ಎಲೆಗೂ ಇನ್ನು ಬೀಳುವುದು ಕಡಿಮೆಯೆಂದು ಅವರಿಗೂ ಹೊಳೆದಿರಬೇಕು.

ಅಕ್ಕ ಹೊರಡುವ ಹಿಂದಿನ ದಿನ ಶಾರದೆ ತಾನಾಗಿಯೇ ಹೋಳಿಗೆ ಮಾಡಿದಳು. ಬೇಳೆಯದೂ ಕಾಯಿಯದೂ, ಎರಡೂ. ಕೊನೆಯ ಸಲವಲ್ಲವೇ ಎಂದು, ಎಷ್ಟಾಯಿತೆಂದು ಎಣಿಸದೆ ಬಡಿಸಿದಳು. ನಲವತ್ತು ದಾಟಿದ ಗಂಡಸು ಹೋಳಿಗೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡ ಎಂದರೆ ನೀವು ನಗುತ್ತೀರಿ, ನಗಿ. ನನಗೆ ನಿಜವಾಗಿಯೂ ದುಃಖವಾಗಿತ್ತು. ಮಾರನೆಯ ದಿನ ಸ್ಟೇಷನ್ನಿನಲ್ಲಿ ಶಾರದೆ ಆ ಕಡೆ ತಿರುಗಿದ್ದಾಗ ಅಕ್ಕನ ಕಿಟಕಿಯ ಹತ್ತಿರ ಹೋಗಿ, "ಅಕ್ಕಾ, ಪಡವಲಕಾಯಿ ಬಿಟ್ಟು ಬಾ, ನಾನು ಯಾರಿಗೂ ಹೇಳಲ್ಲ" ಎಂದು ಪಿಸುಗುಟ್ಟಿದೆ. "ಗಂಗೆ ಎದುರಿಗೆ ನನ್ನ ಕೈಲಿ ಸುಳ್ಳು ಹೇಳಿಸ್ತೀಯೇನೋ ವಾಸು? ಶಾರದಂಗೆ ಮಾತು ಕೊಟ್ಟಿದೀನಿ" ಎಂದು ಅಕ್ಕ ಕಿಟಕಿಯಿಂದ ಮುಖ ಒಳಕ್ಕೆ ಎಳೆದುಕೊಂಡಳು.

ಅವರು ಮರಳಿ ಬರುವವರೆಗೆ ನಾನಿದ್ದ ಸ್ಥಿತಿ ವಿಚಿತ್ರವಾದದ್ದು. ಅಕ್ಕ ಮುಳುಗುವ ತನಕ ನಾನು ಸ್ವತಂತ್ರ, ಮುಳುಗಿದ ಕ್ಷಣದಿಂದ ಇಲ್ಲ. ಯಾವಾಗ ಮುಳುಗಿದಳು ಎಂಬುದು ಭದ್ರಾವತಿಯಲ್ಲಿ ಕೂತವನಿಗೆ ತಿಳಿಯುವುದು ಹೇಗೆ? ಇನ್ನೂ ರೈಲಿನಲ್ಲೇ ಇರಬಹುದು ಎಂದು ನಾನು, ಇಷ್ಟು ಹೊತ್ತಿಗೆ ಮುಳುಗಿರುತ್ತಾರೆ ಎಂದು ಶಾರದೆ. ಅವಳ ಲೆಕ್ಕವೇ ಗೆದ್ದಿತು, ಏಕೆಂದರೆ ಹೂರಣ ರುಬ್ಬುವವಳು ಅವಳು.

ಕೊನೆಗೆ ಅವರು ಬಂದರು. ಕಾಶಿಯಿಂದ ಬಂದವರು ನೆಂಟರಿಷ್ಟರನ್ನು ಕರೆದು ಗಂಗೆಯ ತಂಬಿಗೆಗೆ ಪೂಜೆ ಮಾಡಿ ಸಮಾರಾಧನೆ ಮಾಡುವುದು ಸಂಪ್ರದಾಯ. ಭದ್ರಾವತಿಯ ಅಕ್ಕನ ಮನೆಯಲ್ಲಿ ಪಂಕ್ತಿ ಕೂತಿತು. ಹೋಳಿಗೆ ಬೇಯುವ ವಾಸನೆ ಕಾರ್ಖಾನೆಯ ಹೊಗೆಯನ್ನೂ ಮೀರಿ ಬೀದಿಯ ತುದಿಗೇ ಬರುತ್ತಿತ್ತು. ಶಾರದೆ ಬಡಿಸುವವರಿಗೆಲ್ಲ ಮೊದಲೇ ಹೇಳಿಟ್ಟಿದ್ದಳು. ಹೋಳಿಗೆಯ ತಟ್ಟೆ ನನ್ನ ಎಡಗಡೆಯವರ ಎಲೆಗೆ ಬಂತು, ಆಮೇಲೆ ಬಲಗಡೆಯವರ ಎಲೆಗೆ ಹೋಯಿತು. ನಡುವೆ ನಾನೊಬ್ಬ ಇರಲೇ ಇಲ್ಲವೇನೋ ಎಂಬಂತೆ. ಕೋಸಂಬರಿಯನ್ನು ನೋಡುತ್ತ ಕೂತೆ. ಆಗ ಅಡುಗೆಮನೆಯಿಂದ ಅಕ್ಕನೇ ಬಂದು ನನ್ನ ಎಲೆಗೆ ಬಿಸಿಬಿಸಿಯಾದ ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟಳು.

"ಅತ್ತಿಗೆ, ಅವರು ಬಿಟ್ಟಿದಾರಲ್ಲ" ಎಂದು ಶಾರದೆ ಗಾಬರಿಯಿಂದ ಓಡಿ ಬಂದಳು.

"ಅವನೆಲ್ಲಿ ಬಿಟ್ಟ? ಬಿಟ್ಟಿದ್ದು ನಾನು" ಎಂದಳು ಅಕ್ಕ. ಪಂಕ್ತಿಯೆಲ್ಲ ಕೈ ನಿಲ್ಲಿಸಿತು. "ಸೊಂಟದ ತನಕ ನೀರಲ್ಲಿ ನಿಂತಿದ್ದೆ ಶಾರದ. ಅಲ್ಲಿನ ಪುರೋಹಿತ, ಪಂಡಾ, ಹೆಸರು ಹೇಳಿ, ಬಿಡೋದು ಏನು ಹೇಳಿ ಅಂದ. ಇವನ ಹೆಸರು ಹೇಳೋಣ ಅಂತ ಬಾಯಿ ತೆಗೆದೆ. ಇವನು ಚಿಕ್ಕೋನಾಗಿದ್ದಾಗ ಒಲೆ ಮುಂದೆ ತಟ್ಟೆ ಹಿಡ್ಕೊಂಡು ಕೂತಿರ್ತಿದ್ದ, ಅದೇ ಕಣ್ಣಿಗೆ ಬಂತು. ನನ್ನ ಕೈಲಿ ಆಗಲಿಲ್ಲ. ನಿಂಗೂ ಮಾತು ಕೊಟ್ಟಿದ್ದೆ, ಹೋಳಿಗೆ ಬಿಟ್ಟು ಬರ್ತೀನಿ ಅಂತ. ಅದಕ್ಕೆ ನನ್ನ ಹೆಸರೇ ಹೇಳಿ ಬಿಟ್ಟು ಬಂದೆ."

 ಭಾವನವರು, "ನಂಗೂ ಈಗಲೇ ಗೊತ್ತಾಗ್ತಿರೋದು" ಎಂದರು. ಜನ್ಮದಲ್ಲಿ ಮೊದಲ ಸಲ ನಾನು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ಅಕ್ಕನಿಗೆ ಸಿಟ್ಟು ಬಂತು. "ನಾನು ಬಿಟ್ಟು ಬಂದಿದ್ದು ನೀನು ಹಿಂಗೆ ಸರಿಸ್ಲಿ ಅಂತಾನಾ? ತಿನ್ನು" ಎಂದಳು. ಶಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಿನ್ನಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಹೆಂಗಸರ ಪಂಕ್ತಿ ಕೂತಾಗ ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕನ ಎಲೆಯಲ್ಲಿ ಹೋಳಿಗೆಯ ಜಾಗ ಖಾಲಿಯಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಹೋಳಿಗೆ ಮಾಡುವುದು ನಿಂತಿತು. ಶಾರದೆಗೆ ಮಾಡಲು ಮನಸ್ಸು ಬರುವುದಿಲ್ಲ, ನನಗೆ ಕೇಳಲು ಮುಖವಿಲ್ಲ. ಮುರುಗೇಶನ್ ಬೈಟು ಎಂದರೂ ಬೇಡವೆನ್ನುತ್ತೇನೆ. ಆದರೆ ಹಬ್ಬ ಬಂತೆಂದರೆ ಭದ್ರಾವತಿಯಲ್ಲಿ ಅಕ್ಕ ಮಾಡಿಯೇ ಮಾಡುತ್ತಾಳೆ. ನನ್ನ ಎದುರಿಗೆ ಕಂಬಕ್ಕೆ ಒರಗಿ ಕೂರುತ್ತಾಳೆ. "ಹಂಗೆ ನುಂಗಬೇಡ ಕಣೋ, ನಿಧಾನಕ್ಕೆ. ಹೂರಣ ಹದವಾಗಿದೆಯಾ? ಬೆಲ್ಲ ಮುಂದಾಯ್ತಾ? ಏಲಕ್ಕಿ ಗೊತ್ತಾಗ್ತಿದೆಯಾ?" ಎಂದು ಕೇಳುತ್ತಾಳೆ. ನಾನು ಒಂದೊಂದು ತುತ್ತಿಗೂ ವರದಿ ಒಪ್ಪಿಸಬೇಕು. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ, ಒಮ್ಮೊಮ್ಮೆ ನುಂಗಿಯೂ ನುಂಗುತ್ತಾಳೆ. ನನ್ನದಾದ ಮೇಲೆ ತನ್ನ ಪಾಲಿನದನ್ನೂ ನನ್ನ ಎಲೆಗೇ ಹಾಕುತ್ತಾಳೆ. ನನ್ನ ಹೆಸರಲ್ಲಿ ಬಿಡಬೇಕಾದದ್ದನ್ನು ಅವಳು ಬಿಟ್ಟಳು, ಈಗ ಅವಳ ಹೆಸರಲ್ಲಿ ತಿನ್ನಬೇಕಾದದ್ದನ್ನು ನಾನು ತಿನ್ನುತ್ತಿದ್ದೇನೆ. ಸುಬ್ಬಾಭಟ್ಟರನ್ನು ಕೇಳಿದೆ, ಇದಕ್ಕೂ ಶಾಸ್ತ್ರದಲ್ಲಿ ಅಡ್ಡಿಯಿಲ್ಲವಂತೆ.

ಮೊನ್ನೆ ಡಾಕ್ಟರು ಮತ್ತೆ ತಕ್ಕಡಿಯ ಮೇಲೆ ನಿಲ್ಲಿಸಿದರು. "ಪರವಾಗಿಲ್ವೇ, ಚೆನ್ನಾಗಿ ಇಳಿದಿದೀರಿ. ನಾನು ಹೇಳಲಿಲ್ವೇನ್ರೀ, ಬಿಡಬಾರದು, ಕಡಿಮೆ ಮಾಡಬೇಕು ಅಂತ" ಎಂದು ಬೆನ್ನು ತಟ್ಟಿದರು. ಆಮೇಲೆ ಮುಳ್ಳನ್ನು ಮತ್ತೊಮ್ಮೆ ನೋಡಿ, "ಆದರೆ ಇಲ್ಲಿಗೆ ಬಂದು ನಿಂತುಬಿಟ್ಟಿದೆ ನೋಡಿ. ಈ ಉಳಿದಿದ್ದು ಮಾತ್ರ ಯಾಕೋ ಇಳೀತಿಲ್ಲ, ಏನಿದು?" ಎಂದರು.

"ಅದು ನಂದಲ್ಲ ಸಾರ್, ನಮ್ಮ ಅಕ್ಕಂದು" ಎಂದೆ.

ಡಾಕ್ಟರು ಜ್ವರವೇನಾದರೂ ಇದೆಯೇ ಎಂದು ನನ್ನ ಕೈ ಹಿಡಿದು ನೋಡಿದರು.