ಉಂಡು ಮಲಗಿದ ಸ್ಕಾಟ್ಲೆಂಡಿನ ಡಾಕ್ಟರು

ನನ್ನ ಧಂದಾನೇ ಮಂದಿಗಿ ಮಲಗಿಸೋದು ನೋಡ್ರಿ. ಆಪರೇಷನ್‌ಕಿಂತ ಮೊದಲ ಅರಿವಳಿಕಿ ಕೊಡೋ ಡಾಕ್ಟರ್ ನಾನು. ಮನಿ ಬೀದರದ ಮೈಲೂರದಾಗ. ಕೆಲಸ ಭಾಲ್ಕಿ, ಔರಾದ, ಎಲ್ಲಿ ಕರೀತಾರ ಅಲ್ಲಿ. ಎಚ್ಚರಕ್ಕೂ ನಿದ್ದಿಗೂ ನಡುವಿನ ಆ ಗಳಿಗ್ಯಾಗ ಮನುಷ್ಯಾ ಏನೇನೋ ಮಾತಾಡ್ತಾನ. ಬ್ಯಾರೆ ಡಾಕ್ಟರಿಗಿ ರೋಗ ಕಾಣ್ತಾವ, ನನಗ ಮಂದಿ ಕನಸು ಕಾಣ್ತಾವ. ಹಿಂಗಾಗಿ ನಮ್ಮಲ್ಲಿ ನಗಿಗೇನೂ ಬರ ಇಲ್ಲ.

ಊಟ ಆದಮ್ಯಾಲಿನ ಕ್ಲಾಸು

ನನಗ ಈ ಮಲಗಿಸೋ ಹುಚ್ಚು ಹಿಡಿಸಿದವರು ಮೆಡಿಕಲ್ ಕಾಲೇಜಿನ ನಮ್ಮ ಸರ್. ಮಧ್ಯಾಹ್ನ ಊಟ ಆದಮ್ಯಾಲ ಅವರ ಕ್ಲಾಸು. ಮ್ಯಾಲ ಫ್ಯಾನು ಗರಗರ, ಕಿಟಕಿಯಿಂದ ಬಿಸಿಗಾಳಿ. ಸರ್ ಅರ್ಧಾ ಕಣ್ಣು ಮುಚ್ಚಿ ಸ್ಕಾಟ್ಲೆಂಡಿಗಿ ಹೋಗಿಬಿಡ್ತಿದ್ರು. ಅರಿವಳಿಕಿ ಇಲ್ಲದ ಕಾಲದಾಗ ಅಲ್ಲಿ ಎಡಿನ್‌ಬರೋದಾಗ ಡಾಕ್ಟರಕಿ ಕಲಿಯೋ ಹುಡುಗರು ಮೆಟ್ಟಲ ಮೆಟ್ಟಲ ಬೆಂಚಿನ ಮ್ಯಾಲ ಕುಂತು ಆಪರೇಷನ್ ನೋಡ್ತಿದ್ರಂತ. ಪೇಶಂಟಿಗಿ ಪೂರಾ ಎಚ್ಚರ, ಗಟ್ಟಿ ಗಟ್ಟಿ ಆಳುಗಳು ಒತ್ತಿ ಹಿಡಕೋತಿದ್ರು. ಅಂಥಾ ಚೀರಾಟ ಕೇಳಿ ಕಲಿತ ಒಬ್ಬ ಡಾಕ್ಟರ್, ಮುಂದ ಒಂದಿನ ಊಟ ಮುಗಿಸಿ ಇಬ್ಬರು ಗೆಳ್ಯಾರ ಜೋಡಿ ಕ್ಲೋರೋಫಾರ್ಮ್ ಮೂಸಿದ. ಮೂರೂ ಮಂದಿ ಧಡ್ ಅಂತ ಮೇಜಿನ ಕೆಳಗ! ಎದ್ದಮ್ಯಾಲ ಖುಷಿಯೋ ಖುಷಿ, ಇನ್ನ ಯಾರೂ ಚೀರೋದು ಬ್ಯಾಡಂತ.

ಇಷ್ಟು ಹೇಳಿ ಸರ್ ಕಣ್ಣು ತೆರೆದು ನೋಡಿದ್ರ, ನನ್ನ ಬಿಟ್ಟು ಇಡೀ ಕ್ಲಾಸು ಬೆಂಚಿಗಿ ತಲಿ ಇಟ್ಟದ. ಸಿಟ್ಟಾಗಲಿಲ್ಲ ಅವರು. "ಆ ಪುಣ್ಯಾತ್ಮ ಔಷಧ ಮೂಸಿಸಿ ಮೂರು ಮಂದಿಗಿ ಮಲಗಿಸಿದ. ನಾ ಏನೂ ಮೂಸಿಸದೇ ಇಷ್ಟು ಮಂದಿಗಿ ಮಲಗಿಸೀನಿ. ಯಾರು ದೊಡ್ಡವರು, ಹೇಳ್ರಿ!" ಅಂದ್ರು.

ಔರಾದದ ಮಾಸ್ತರು

ಔರಾದದಾಗ ಒಬ್ಬರು ಮಾಸ್ತರಿಗಿ ಹರ್ನಿಯಾ ಆಪರೇಷನ್. ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ಸೂಜಿ ಚುಚ್ಚಿ, "ಎಣಿಸ್ರಿ ಸರ್" ಅಂದೆ.

"ಎಣಿಸೋದೇನು, ಮಗ್ಗಿ ಹೇಳ್ತೇನಿ ತಗೋರಿ" ಅಂತ ಕನ್ನಡದಾಗ ಸುರು ಮಾಡಿ, ನಡುವ ಮರಾಠಿಗಿ ಜಾರಿದ್ರು. ದನಿ ಮೆತ್ತಗಾಯ್ತು. ಇನ್ನೇನು ಹೋದ್ರು ಅನ್ನೋದ್ರಾಗ ಫಕ್ಕನ ಕಣ್ಣು ತೆರೆದು, ಸರ್ಜನ್ ಕಡಿ ಬೊಟ್ಟು ಮಾಡಿ, "ಏ ಹಿಂದಿನ ಬೆಂಚು! ನಿದ್ದಿ ಮಾಡ್ಲತ್ತೀಯಾ? ಕೈ ಕಟ್ಟಿ ನಿಂದರು!" ಅಂತ ಗದರಿಸಿ, ತಾವು ಗೊರಕಿ ಹೊಡದ್ರು.

ಸರ್ಜನ್ ಅವರದೇ ಹಳೀ ಶಿಷ್ಯ. ಕೈ ಕಟ್ಟಿ ನಿಂತೇಬಿಟ್ಟಿದ್ರು, ಪಾಪ. ನಾನೇ ಬಿಡಿಸಬೇಕಾಯ್ತು.

ಖಟಕ ಚಿಂಚೋಳಿ ಆಯಿ

ಭಾಲ್ಕಿಯ ಒಂದು ದವಾಖಾನಿಗಿ ಖಟಕ ಚಿಂಚೋಳಿಯಿಂದ ಒಬ್ಬ ಮುದುಕಿ ಬಂದಿದ್ದಳು. ಎಲ್ಲಾರೂ ಆಯಿ ಅಂತಿದ್ರು. ಹೊಟ್ಟ್ಯಾಗ ಗಡ್ಡಿ, ತೆಗೀಲಿಲ್ಲಂದ್ರ ಉಳಿಯೋ ಮಾತಿಲ್ಲ. ಹಿಂದೊಮ್ಮಿ ಆಪರೇಷನ್ ಬಾಗಿಲ ತನಕ ಬಂದು, ಹಂಗೇ ತಿರುಗಿ ಊರ ಬಸ್ಸು ಹತ್ತಿದಾಕಿ.

"ಯವ್ವಾ, ಕೊಯ್ಯೋದಕ್ಕ ಅಂಜಂಗಿಲ್ಲ. ಮಲಗಿದಾಕಿ ಏಳಲಿಲ್ಲಂದ್ರ ಹ್ಯಾಂಗ?" ಅಂದಳು.

ಕೈ ಹಿಡಕೊಂಡು ಸ್ಕಾಟ್ಲೆಂಡಿನ ಕಥಿ ಹೇಳಿದೆ.

"ಮೂವರೂ ಎದ್ರಾ?"

"ನಕ್ಕೋತ ಎದ್ರು ಆಯಿ."

"ಮೂಸೋಕಿಂತ ಮೊದಲ ಏನು ಮಾಡ್ಲತ್ತಿದ್ರು?"

"ಊಟ ಮಾಡಿ ಕುಂತಿದ್ರು" ಅಂದೆ. ಅಂದಮ್ಯಾಲ ನಾಲಿಗಿ ಕಚ್ಚಿಕೊಂಡೆ. ಆಪರೇಷನ್ ಅಂತ ಆಯಿಗಿ ನಿನ್ನಿಯಿಂದ ಒಂದು ತುತ್ತು ಕೊಟ್ಟಿದ್ದಿಲ್ಲ.

"ಅವರು ಉಂಡು ಮಲಗಿದ್ರು, ಎದ್ರು. ನನಗ ಉಪಾಸ ಕೆಡವಿ ಮಲಗಿಸ್ತೀ, ಎಲ್ಲಿಂದ ಏಳಲಿ? ಮೊದಲ ರೊಟ್ಟಿ ತರಿಸು!"

ಮಲಗಿದಾಗ ವಾಂತಿ ಆದ್ರ ಉಸಿರಿಗಿ ಅಡ್ಡ ಬರ್ತದ, ಆಗಿನವರಿಗಿ ಅದು ಗೊತ್ತಿದ್ದಿಲ್ಲ ಅಂತ ತಿಳಿಹೇಳಿ ಸಾಕಾಯ್ತು. ಕಡೀಕ, ಎದ್ದಮ್ಯಾಲ ನಾನೇ ಕೈಯಾರೆ ರೊಟ್ಟಿ ತಿನ್ನಿಸ್ತೇನಿ ಅಂತ ಆಣಿ ಮಾಡಿದೆ. ಆಗ ಮಲಗಿದಳು.

ಗಡ್ಡಿ ತೆಗೆದಾಯ್ತು. ಏಳೋ ಹೊತ್ತಾದ್ರೂ ಆಯಿ ಕಣ್ಣು ತೆರೀವಲ್ಲಳು. ನಾಡಿ ಹಿಡಿದು ನೋಡಿದೆ. "ಆಯಿ, ಏಳ್ರಿ, ರೊಟ್ಟಿ ಬಂತು!" ಅಂತ ಕಿವ್ಯಾಗ ಒದರಿದೆ. ತುಟಿ ಅಲುಗಾಡಿದ್ವು. ಮೆಲ್ಲಕ ಕಣ್ಣು ಬಿಟ್ಟಳು. ನನಗ ಅಳುನೇ ಬಂತು.

"ರೊಟ್ಟಿ ಒಲ್ಲೆ, ಉಂಡು ಬಂದೀನಿ" ಅಂದಳು.

"ಯಾರ ಜೋಡಿ ಆಯಿ?"

"ನಿನ್ನ ಆ ಡಾಕ್ಟರನ ಜೋಡಿ. ನನ್ನ ಖಾರ ಹಿಂಡಿ ಚಟ್ನಿ ತಿಂದು ಕಣ್ಣಾಗ ನೀರು ತಂದುಕೊಂಡ, ಕೂಸು. ಅವಗ ನಿನ್ನ ಮ್ಯಾಲ ಭಾಳ ಸಿಟ್ಟದ. ನಾವು ಉಂಡು ಮಲಗೀವಿ, ಈ ಮುದುಕಿಗಿ ಯಾಕ ಉಪಾಸ ಮಲಗಿಸ್ಯಾಳ ಅಂತ ಬೈಲತ್ತಾನ. ಮಾಫಿ ಕೇಳಿಬಿಡು, ಇನ್ನಾ ಪಲಂಗದ ಕೆಳಗೇ ಕುಂತಾನ."

ಇಷ್ಟು ಓದಿದಾಕಿ ನಾನು, ಖರೇ ಹೇಳ್ತೇನಿ, ಬಗ್ಗಿ ನೋಡಿದೆ ರೀ.